ಹೊಳೆಯಿಂದ ಹೊಂಡಕ್ಕೆ: ಬಿಳಿಕೊಂಡಿ ಕ್ರೇಫಿಶ್‌ಗಳನ್ನು ಆರಿಸಿದ ಬಗೆ

ಬ್ರಿಟನ್ನಿನ ಹೊಳೆಗಳಿಗೆ ಸ್ವಂತದ್ದು ಅನ್ನಬಹುದಾದ ಕ್ರೇಫಿಶ್ ಒಂದೇ ಜಾತಿ. ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ ಸಿಹಿನೀರಿನ ಪ್ರಾಣಿ ಅದು. ಕೊಂಡಿಯ, ಅಂದರೆ ಇಕ್ಕಳದಂಥ ಮುಂಗಾಲಿನ, ಅಡಿಭಾಗ ಮಾಸಲು ಬಿಳಿ ಇರುವುದರಿಂದ ಬಿಳಿಕೊಂಡಿ ಕ್ರೇಫಿಶ್ ಎನ್ನುತ್ತೇವೆ. ದೊಡ್ಡದೆಂದರೆ 10–12 ಸೆಂಟಿಮೀಟರ್ ಉದ್ದ. ಹಗಲೆಲ್ಲ ಕಲ್ಲಿನಡಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಉತ್ತರ ಇಂಗ್ಲೆಂಡಿನ ಸುಣ್ಣಕಲ್ಲಿನ ಸೀಮೆಯಲ್ಲಿ, ಹೊಳೆಗಳ ಮೇಲ್ಭಾಗದ ಕೆಲವು ಕಡೆ ಇವು ಇನ್ನೂ ಉಳಿದಿವೆ. ಅಲ್ಲಿಂದ ಕೆಲವನ್ನು ಹಿಡಿದು ಸುರಕ್ಷಿತ ನೀರಿಗೆ ಸಾಗಿಸುವ ತಂಡದಲ್ಲಿ ನಾನಿದ್ದೇನೆ. ಎಲ್ಲಿಂದ, ಎಷ್ಟು, ಯಾವುದನ್ನು ಒಯ್ಯಬೇಕು ಅಂತ ಡಿಎನ್‌ಎ ನೋಡಿ ಹೇಳುವುದು ನನ್ನ ಪಾಲಿನ ಕೆಲಸ.

ಸಾಗಿಸುವುದು ಯಾಕೆ? ಇದ್ದಲ್ಲೇ ಉಳಿಸುವ ದಾರಿ ಬಹಳ ಕಡೆ ಮುಚ್ಚಿಹೋಗಿದೆ. 1970ರ ದಶಕದಲ್ಲಿ ಸಾಕಣೆಗೆ ಅಂತ ಅಮೆರಿಕದ ಸಿಗ್ನಲ್ ಕ್ರೇಫಿಶ್ ತಂದರು. ಅದು ತಪ್ಪಿಸಿಕೊಂಡು ಹೊಳೆ ಸೇರಿತು. ಬೇಗ ಬೆಳೆಯುತ್ತದೆ, ಜಗಳಕ್ಕೆ ನಿಂತರೆ ಗೆಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು ಅದು ಹೊತ್ತು ತಂದ ಕ್ರೇಫಿಶ್ ಪ್ಲೇಗ್. ಅಫನೋಮೈಸಿಸ್ ಅಸ್ಟಾಸಿ ಎಂಬ ಬೂಸ್ಟಿನಂಥ ಜೀವಿ ಈ ರೋಗಕ್ಕೆ ಕಾರಣ. ಅಮೆರಿಕದ ಜಾತಿಗಳು ಅದನ್ನು ಮೈಯಲ್ಲಿಟ್ಟುಕೊಂಡೇ ಬದುಕುತ್ತವೆ. ಬಿಳಿಕೊಂಡಿಗೆ ತಗುಲಿದರೆ ಕೆಲವೇ ವಾರಗಳಲ್ಲಿ ಹೊಳೆ ಖಾಲಿ. ರೋಗ ಹರಡಲು ಸಿಗ್ನಲ್ ಕ್ರೇಫಿಶ್ ಬರಲೇಬೇಕು ಅಂತಿಲ್ಲ. 2015ರಲ್ಲಿ ಐರ್ಲೆಂಡಿನಲ್ಲಿ ಪ್ಲೇಗ್ ಮತ್ತೆ ಕಾಣಿಸಿಕೊಂಡಾಗ ಅಲ್ಲಿ ಹೊರಗಿನ ಕ್ರೇಫಿಶ್ ನೆಲೆಯೂರಿದ್ದ ದಾಖಲೆಯೇ ಇರಲಿಲ್ಲ. ಒದ್ದೆ ಬೂಟು, ಒದ್ದೆ ಬಲೆ ಸಾಕು. ಹಾಗಾಗಿ ನಮ್ಮ ಸಾಮಾನನ್ನು ಪ್ರತಿ ಹೊಳೆಯ ನಂತರ ತೊಳೆದು, ಸೋಂಕುನಾಶಕ ಹಚ್ಚಿ, ಪೂರ್ತಿ ಒಣಗಿಸುತ್ತೇವೆ. ಪೂರ್ತಿ ಅಂದರೆ ಬೂಟಿನ ಒಳಮೂಲೆಯೂ ಒಣಗಬೇಕು. ಸಿಗ್ನಲ್ ಇರುವ ಹೊಳೆಗೂ ಬಿಳಿಕೊಂಡಿ ಇರುವ ಹೊಳೆಗೂ ಒಂದೇ ದಿನ ಹೋಗುವುದಿಲ್ಲ.

ಈ ಪ್ರಾಣಿಯನ್ನು ಕೈಯಲ್ಲಿ ಹಿಡಿಯಬೇಕಾದರೂ ಇಂಗ್ಲೆಂಡಿನಲ್ಲಿ ಲೈಸೆನ್ಸ್ ಬೇಕು. ನಾವು ಹೊಳೆಗಿಳಿಯುವುದು ಜುಲೈನಿಂದ ಸೆಪ್ಟೆಂಬರ್ ತನಕ. ಶರತ್ಕಾಲದಲ್ಲಿ ಕೂಡಿದ ಮೇಲೆ ಹೆಣ್ಣುಗಳು ಚಳಿಗಾಲ ಪೂರ್ತಿ ಮೊಟ್ಟೆಗಳನ್ನು ಬಾಲದಡಿ ಹೊತ್ತಿರುತ್ತವೆ. ಬೇಸಿಗೆಯ ಆರಂಭದಲ್ಲಿ ಮೊಟ್ಟೆ ಒಡೆದು ಮರಿಗಳು ಬರುತ್ತವೆ. ಆಗ ಅವನ್ನು ಮುಟ್ಟಲೇಬಾರದು.

ಹೊಳೆಯಲ್ಲಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ನಡೆಯುತ್ತೇನೆ. ಕದಡಿದ ನೀರು ಹಿಂದಕ್ಕೆ ಹರಿದುಹೋಗಿ ಮುಂದಿನ ಕಲ್ಲು ಚೆನ್ನಾಗಿ ಕಾಣುತ್ತದೆ. ಕಲ್ಲನ್ನು ಮೆಲ್ಲಗೆ ಎತ್ತಿ, ಪ್ರಾಣಿಯ ಹಿಂದೆ ಬಲೆ ಇಡುತ್ತೇನೆ. ಅದು ಹೆದರಿದರೆ ಹಿಮ್ಮುಖವಾಗಿಯೇ ಚಿಮ್ಮುವುದು. ಅಳತೆ, ಗಂಡೋ ಹೆಣ್ಣೋ ಬರೆದುಕೊಂಡು, ನಡೆಯುವ ಕಾಲೊಂದರ ತುದಿಯನ್ನು ಕತ್ತರಿಸಿಕೊಳ್ಳುತ್ತೇನೆ. ಚಿಪ್ಪು ಕಳಚುವಾಗ ಆ ಕಾಲು ಮತ್ತೆ ಬೆಳೆಯುತ್ತದೆ. ತುಂಡು ನೇರ ಎಥನಾಲ್ ಎಂಬ ಆಲ್ಕೋಹಾಲ್‌ಗೆ ಹೋಗುತ್ತದೆ. ಮರುದಿನ ಆ ಎಥನಾಲ್ ಚೆಲ್ಲಿ ಹೊಸದು ಹಾಕಬೇಕು. ಮಾಂಸದ ನೀರು ಸೇರಿ ಅದು ತೆಳುವಾಗಿರುತ್ತದೆ, ಡಿಎನ್‌ಎ ಹಾಳಾಗುತ್ತದೆ. ಇನ್ನೊಂದು ವಿಷಯ: ಒಂದೇ ಜಾಗದ ಕಲ್ಲುಗಳ ಕೆಳಗಿಂದ ಸಣ್ಣ ಮರಿಗಳನ್ನು ರಾಶಿಯಾಗಿ ತೆಗೆದರೆ ಅವು ಒಂದೇ ತಾಯಿಯ ಮಕ್ಕಳಾಗಿರುವ ಸಾಧ್ಯತೆ ಜಾಸ್ತಿ. ಲೆಕ್ಕ ಪೂರ್ತಿ ತಿರುಚಿಹೋಗುತ್ತದೆ. ಅದಕ್ಕೇ ಹೊಳೆಯುದ್ದಕ್ಕೂ ದೂರ ದೂರ, ಬೆಳೆದ ಪ್ರಾಣಿಗಳಿಂದಲೇ ಮಾದರಿ ತೆಗೆಯುತ್ತೇನೆ.

ಲ್ಯಾಬಿನಲ್ಲಿ ಮೊದಲು ಓದುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಸಿಒಐ ಎಂಬ ಜೀನು. ಕ್ರೇಫಿಶ್‌ನಲ್ಲಿ ಇದು ಸಲೀಸಲ್ಲ. ಮೈಟೊಕಾಂಡ್ರಿಯದ ಜೀನಿನ ತುಣುಕುಗಳು ಎಂದೋ ಜೀವಕೋಶದ ಕೇಂದ್ರಕಕ್ಕೆ ಹೋಗಿ ಸೇರಿಕೊಂಡು, ಅಲ್ಲೇ ನಿರುಪಯೋಗಿ ನಕಲುಗಳಾಗಿ ಉಳಿದಿರುತ್ತವೆ. ಪಿಸಿಆರ್ ಮಾಡಿದಾಗ, ಅಂದರೆ ಓದಬೇಕಾದ ಡಿಎನ್‌ಎ ತುಣುಕಿನ ಪ್ರತಿಗಳನ್ನು ಲ್ಯಾಬಿನಲ್ಲಿ ಹೆಚ್ಚಿಸಿದಾಗ, ಅಸಲಿನ ಜೊತೆ ಆ ನಕಲೂ ಬರುತ್ತದೆ. ಗೊತ್ತಿಲ್ಲದವರು ಅದನ್ನು ಹೊಸ ವಂಶ, ಹೊಸ ವೈವಿಧ್ಯ ಅಂತ ಎಣಿಸಿಬಿಡಬಹುದು. ನಾನು ಪ್ರತಿ ಸರಣಿಯನ್ನೂ ಅಕಶೇರುಕಗಳ ಮೈಟೊಕಾಂಡ್ರಿಯದ ಸಂಕೇತಪಟ್ಟಿ ಬಳಸಿ ಅಮೈನೊ ಆಮ್ಲಗಳಾಗಿ ತಿರುಗಿಸಿ ನೋಡುತ್ತೇನೆ. ಮಧ್ಯದಲ್ಲಿ ನಿಲ್ಲಿಸುವ ಸಂಕೇತ ಬಂದರೆ ಅದು ನಕಲು. ಯಂತ್ರ ಬರೆದ ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಎದ್ದಿದ್ದರೆ ಅದೂ ಅನುಮಾನವೇ. ಆಗ ಪ್ರೈಮರ್ (ಎಲ್ಲಿಂದ ಪ್ರತಿ ಮಾಡಬೇಕು ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಬದಲಿಸಿ ಮತ್ತೆ ಓದುತ್ತೇನೆ.

ಹೀಗೆ ಸೋಸಿದ ಮೇಲೆ ನಮ್ಮ ಹೊಳೆಗಳ ಸಿಒಐ ಹೆಚ್ಚುಕಡಿಮೆ ಒಂದೇ ಥರ ಕಂಡಿತು. ಇದು ನಿರೀಕ್ಷಿಸಿದ್ದೇ. ಹಿಮಯುಗದಲ್ಲಿ ಈ ಪ್ರಾಣಿ ಉಳಿದದ್ದು ದಕ್ಷಿಣದಲ್ಲಿ. ಇಟಲಿ, ಬಾಲ್ಕನ್ ಕಡೆ ಈ ಬಳಗದ ವೈವಿಧ್ಯ ಈಗಲೂ ಜಾಸ್ತಿ. ಬ್ರಿಟನ್ನಿನವು ಫ್ರಾನ್ಸಿನವುಗಳಿಗೆ ತೀರ ಹತ್ತಿರ, ಉತ್ತರಕ್ಕೆ ಬಂದ ಸಣ್ಣ ಪಾಲಿನ ಸಂತತಿ.

"ಎಲ್ಲ ಒಂದೇ ಆದರೆ ಯಾವ ಹೊಳೆಯಿಂದ ತಂದರೇನು, ಸುಮ್ನೆ ಹತ್ತಿರದ್ದನ್ನೇ ಒಯ್ಯೋಣ ಅಲ್ವಾ?" ತಂಡದಲ್ಲಿ ಈ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಆದರೆ ಮೈಟೊಕಾಂಡ್ರಿಯ ತಾಯಿಯ ಕಡೆಯ ಕತೆಯನ್ನಷ್ಟೇ ಹೇಳುತ್ತದೆ. ಕೇಂದ್ರಕದ ಡಿಎನ್‌ಎಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗಗಳಿವೆ, ಮೈಕ್ರೊಸ್ಯಾಟಲೈಟ್ ಅಂತ. ಅವು ಬೇಗ ಬದಲಾಗುತ್ತವೆ. ಅವನ್ನು ಓದಿದಾಗ ಚಿತ್ರ ಬೇರೆಯಾಯಿತು. ಒಂದೇ ಗುಡ್ಡದ ಈಚೆಗಿನ ಹೊಳೆ, ಆಚೆಗಿನ ಹೊಳೆ ಸ್ಪಷ್ಟವಾಗಿ ಬೇರೆ ಬೇರೆ ಗುಂಪುಗಳು. ಕ್ರೇಫಿಶ್ ಗುಡ್ಡ ಹತ್ತಿ ಇಳಿಯುವುದಿಲ್ಲ. ಹಾಗಾಗಿ ಪ್ರತಿ ಮೇಲ್ಹೊಳೆಯೂ ತನ್ನಷ್ಟಕ್ಕೆ ಬೇರೆಯಾಗುತ್ತ ಬಂದಿದೆ. ಒಂದು ಹೊಳೆ ಸತ್ತರೆ ಅಲ್ಲಿಯದೇ ಆದ ಒಂದಿಷ್ಟು ಡಿಎನ್‌ಎ ರೂಪಗಳು ಶಾಶ್ವತವಾಗಿ ಹೋಗುತ್ತವೆ. ನನಗೆ ಈ ಕೆಲಸದ ಮೇಲೆ ಇಷ್ಟು ಆಸೆ ಹುಟ್ಟಿದ್ದು ಈ ಫಲಿತಾಂಶ ನೋಡಿದ ಮೇಲೆ.

ಆಮೇಲೆ ಎಷ್ಟು ಪ್ರಾಣಿ ಅನ್ನುವ ಲೆಕ್ಕ. ಹೊಳೆಯ ಪ್ರಾಣಿಗಳ ಡಿಎನ್‌ಎ ಪ್ರತಿಗಳಲ್ಲಿ ಶೇಕಡ 5ರಷ್ಟರಲ್ಲಿ, ಅಂದರೆ ನೂರು ಪ್ರತಿಗಳಲ್ಲಿ ಐದರಲ್ಲಿ ಮಾತ್ರ ಸಿಗುವ ಒಂದು ಅಪರೂಪದ ರೂಪ ಅಂದುಕೊಳ್ಳಿ. ಪ್ರತಿ ಪ್ರಾಣಿಯಲ್ಲಿ ತಾಯಿಯದೊಂದು, ತಂದೆಯದೊಂದು ಪ್ರತಿ ಇರುವುದರಿಂದ 10 ಪ್ರಾಣಿ ಒಯ್ದರೆ 20 ಪ್ರತಿಗಳನ್ನು ಒಯ್ದ ಹಾಗೆ. ಆ ರೂಪ ಪೂರ್ತಿ ಬಿಟ್ಟುಹೋಗುವ ಸಾಧ್ಯತೆ ಸುಮಾರು ಶೇಕಡ 36. 50 ಪ್ರಾಣಿ ಒಯ್ದರೆ ಅದು ಶೇಕಡ 1ಕ್ಕಿಂತ ಕಡಿಮೆ. ಆದರೆ 50 ಅಂದರೆ 50 ಅಲ್ಲ. ಅದರಲ್ಲಿ 5 ಗಂಡು, 45 ಹೆಣ್ಣು ಇದ್ದರೆ, ಮರಿಗಳ ಅರ್ಧ ಜೀನು ಆ 5 ಗಂಡುಗಳಿಂದಲೇ ಬರುವುದರಿಂದ, ವಂಶದ ಲೆಕ್ಕದಲ್ಲಿ ಆ ಗುಂಪು 18 ಪ್ರಾಣಿಗಳಿಗೆ ಸಮ. ಗಂಡು ಹೆಣ್ಣು ಸಮನಾಗಿದ್ದರೆ ಮಾತ್ರ 50. ಹಿಡಿಯುವಾಗ ಸಿಕ್ಕ ಸಿಕ್ಕದ್ದನ್ನು ಬಕೆಟ್ಟಿಗೆ ಹಾಕುವ ಅವಸರ ಎಲ್ಲರಿಗೂ ಇರುತ್ತದೆ. ನಾನು ಪಟ್ಟು ಹಿಡಿದದ್ದು ಇಲ್ಲೇ. ಗಂಡು ಕಡಿಮೆ ಬಿದ್ದರೆ ಮುಂದಿನ ವರ್ಷದ ತನಕ ಕಾಯೋಣ, ತಂದು ಬಿಟ್ಟೆವು ಅನ್ನುವ ಸಮಾಧಾನಕ್ಕೆ ಬಿಡುವುದು ಬೇಡ. ಒಂದೇ ಸಲ ಎಲ್ಲವನ್ನೂ ಎತ್ತಿದರೆ ಮೂಲ ಹೊಳೆಯೂ ಸೊರಗುತ್ತದೆ. ವರ್ಷ ಬಿಟ್ಟು ವರ್ಷ ಸ್ವಲ್ಪ ಸ್ವಲ್ಪ ತೆಗೆದರೆ ಎರಡಕ್ಕೂ ಒಳ್ಳೆಯದು.

ಬಿಟ್ಟದ್ದು ಹಳೇ ಕಲ್ಲುಗಣಿಯ ಹೊಂಡಗಳಿಗೆ. ಯಾವ ಹೊಳೆಯೂ ಸೇರದ, ಸುಣ್ಣದ ಅಂಶವಿರುವ, ಅಡಗಲು ಕಲ್ಲುಸಂದಿ ಇರುವ ನೀರು ಅದು. ಒಂದು ಹೊಂಡಕ್ಕೆ ಒಂದೇ ಹೊಳೆಯ ಪ್ರಾಣಿ ಅನ್ನುವುದು ನಮ್ಮ ನಿಯಮ. ಬೆರೆಸುವುದೇ ತಪ್ಪು ಅಂತ ನನ್ನ ವಾದವಲ್ಲ. ತೀರ ಒಳಸಂಬಂಧದಿಂದ ಕುಗ್ಗಿದ ಗುಂಪಿಗೆ ಪಕ್ಕದ ಹೊಳೆಯ ರಕ್ತ ಬೇಕಾಗಬಹುದು. ಆದರೆ ಬೆರೆಸಿದ ಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಹೊಳೆಗಳಿಗೆ ಅಡ್ಡ ಕಟ್ಟಿರುವ ಹಳೇ ಒಡ್ಡುಗಳ ವಿಷಯದಲ್ಲೂ ಇದೇ ಇಕ್ಕಟ್ಟು. ಒಡ್ಡು ತೆಗೆದರೆ ಮೀನು ಮೇಲೆ ಹೋಗುತ್ತವೆ, ತುಂಡಾದ ಕ್ರೇಫಿಶ್ ಗುಂಪುಗಳೂ ಕೂಡಬಹುದು. ಜೊತೆಗೆ ಸಿಗ್ನಲ್ ಕೂಡ ಹತ್ತುತ್ತದೆ. ಕೆಳಗೆ ಸಿಗ್ನಲ್ ಇದೆ ಅಂತ ಗೊತ್ತಿದ್ದರೆ ಒಡ್ಡನ್ನು ಉಳಿಸಿ ಅಂತಲೇ ನಾನು ಹೇಳುತ್ತೇನೆ. ಜೀನುಗಳ ಕೊರತೆಯನ್ನು ನಾವು ಕೈಯಾರೆ ಪ್ರಾಣಿ ಸಾಗಿಸಿ ತುಂಬಬಹುದು. ಪ್ಲೇಗ್ ಬಂದ ಹೊಳೆಯಲ್ಲಿ ತುಂಬಲು ಏನೂ ಉಳಿದಿರುವುದಿಲ್ಲ.

ವೈವಿಧ್ಯಕ್ಕೆ ಇಷ್ಟು ಒದ್ದಾಟ ಯಾಕೆ ಅಂತ ಕೆಲವರು ಮಾರ್ಬಲ್ಡ್ ಕ್ರೇಫಿಶ್ ತೋರಿಸುತ್ತಾರೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಕಾಣಿಸಿಕೊಂಡ ಜಾತಿ ಅದು. ಎಲ್ಲವೂ ಹೆಣ್ಣು, ಗಂಡಿಲ್ಲದೆ ತಮ್ಮದೇ ಪಡಿಯಚ್ಚು ಹೆರುತ್ತವೆ. ಅಷ್ಟಾದರೂ ಮಡಗಾಸ್ಕರ್ ತನಕ ಹಬ್ಬಿವೆ. ವೈವಿಧ್ಯ ಇಲ್ಲದೆಯೂ ಬದುಕಬಹುದಲ್ಲ ಅನ್ನುತ್ತಾರೆ. ಅದು ನೂರಾರು ಮೊಟ್ಟೆ ಇಟ್ಟು ಕೆಲವೇ ತಿಂಗಳಲ್ಲಿ ಮತ್ತೆ ಸಂತಾನಕ್ಕೆ ಬರುವ ಪ್ರಾಣಿ. ಬಿಳಿಕೊಂಡಿ ವರ್ಷಕ್ಕೊಮ್ಮೆ, ಅದೂ ಮೂರು ನಾಲ್ಕು ವರ್ಷ ಬೆಳೆದ ಮೇಲೆ. ಎರಡಕ್ಕೂ ಒಂದೇ ಅಳತೆಗೋಲು ನಡೆಯುವುದಿಲ್ಲ.

ಈಗ ಹೊಂಡದಲ್ಲೇ ಹುಟ್ಟಿದವು ಬೆಳೆದು ನಿಂತ ಮೇಲೆ ಮತ್ತೆ ಕಾಲಿನ ತುದಿ ತೆಗೆಯುತ್ತೇವೆ. ಮೂಲ ಹೊಳೆಯಲ್ಲಿದ್ದ ಪ್ರತಿಯೊಂದು ರೂಪವೂ ಹೊಂಡದಲ್ಲಿ ಇದೆಯೇ ಅಂತ ಪಟ್ಟಿ ಇಟ್ಟು ಟಿಕ್ ಹಾಕುವ ಕೆಲಸ. ಬಿಟ್ಟುಹೋದದ್ದಿದ್ದರೆ ಅದೇ ಹೊಳೆಯಿಂದ ಇನ್ನಷ್ಟು ಪ್ರಾಣಿಗಳು, ಗಂಡು ಹೆಣ್ಣು ಸಮ ಸಮ. ಎಲ್ಲ ಮಾದರಿಗಳ ಒಂದೊಂದು ತುಂಡನ್ನು ಫ್ರೀಜರಿನಲ್ಲಿ ಹಾಗೇ ಇಟ್ಟಿದ್ದೇನೆ. ಇಡೀ ಜೀನೋಮ್, ಅಂದರೆ ಪ್ರಾಣಿಯ ಪೂರ್ತಿ ಡಿಎನ್‌ಎ, ಓದುವ ಹಣ ಸಿಕ್ಕಾಗ ಮೊದಲು ತೆಗೆಯುವುದು ಅವನ್ನೇ.