ಬೈತಖೋಲದಲ್ಲಿ ನಿಂತ ಹಡಗಿನ ಗಾತ್ರವನ್ನು ತಿಳಿಯುವ ಬಗೆ

ಕಾರವಾರದ ಬೈತಖೋಲ ಬಂದರಿಗೆ ಡಾಂಬರು ಹೊತ್ತ ಹಡಗು ಬಂದರೆ ಅದನ್ನು ‘ಇಷ್ಟು ಸಾವಿರ ಟನ್ನಿನ ಹಡಗು’ ಎನ್ನುವುದು ವಾಡಿಕೆ. ಆ ಅಂಕಿಯನ್ನು ಬಳಸುವ ಮೊದಲು ಅದು ಯಾವ ಅಳತೆಯದೆಂದು ವಿಚಾರಿಸಬೇಕು. ಒಂದೇ ಹಡಗಿಗೆ ಟನ್ನಿನ ಹೆಸರಿನಲ್ಲಿ ನಾಲ್ಕು ಅಂಕಿಗಳಿದ್ದು, ಅವುಗಳಲ್ಲಿ ಎರಡು ಮಾತ್ರ ತೂಕವನ್ನು ಹೇಳುತ್ತವೆ.

ಮೊದಲನೆಯದು ಗ್ರಾಸ್ ಟನೇಜ್. ಹಡಗಿನ ಮುಚ್ಚಿದ ಜಾಗಗಳೆಲ್ಲದರ ಘನ ಅಳತೆಯಿಂದ ಇದನ್ನು ಲೆಕ್ಕ ಹಾಕುತ್ತಾರೆ. 1969ರಲ್ಲಿ ರೂಪುಗೊಂಡು 1982ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೇ ಇದಕ್ಕೆ ಆಧಾರ. ಘನ ಮೀಟರುಗಳ ಲಾಗರಿದಮ್ಮನ್ನು (ಆಧಾರ 10) 0.02ರಿಂದ ಗುಣಿಸಿ, 0.2 ಕೂಡಿಸಿ, ಬಂದದ್ದನ್ನು ಮತ್ತೆ ಘನ ಅಳತೆಯಿಂದ ಗುಣಿಸಬೇಕು. ಒಳಜಾಗ 10,000 ಘನ ಮೀಟರ್ ಇದ್ದರೆ ಲಾಗರಿದಮ್ 4, ಗುಣಕ 0.28, ಗ್ರಾಸ್ ಟನೇಜ್ 2,800. ಇದಕ್ಕೆ ಟನ್, ಘನ ಮೀಟರ್ ಎಂಬ ಯಾವ ಏಕಮಾನವನ್ನೂ ಹಚ್ಚಬಾರದು. ಬಂದರು ಶುಲ್ಕ ಮತ್ತು ಸುರಕ್ಷತಾ ನಿಯಮಗಳು ಹೆಚ್ಚಾಗಿ ಈ ಅಂಕಿಯನ್ನೇ ಅವಲಂಬಿಸಿವೆ. ಉದಾಹರಣೆಗೆ, ವಿದೇಶ ಯಾನ ಮಾಡುವ 300 ಮತ್ತು ಅದಕ್ಕೂ ಹೆಚ್ಚಿನ ಗ್ರಾಸ್ ಟನೇಜಿನ ಹಡಗುಗಳಲ್ಲಿ ತಮ್ಮ ಗುರುತನ್ನೂ ಸ್ಥಾನವನ್ನೂ ಬಿತ್ತರಿಸುವ ಎಐಎಸ್ ಸಾಧನ ಕಡ್ಡಾಯ. ಸರಕಿನ ಜಾಗವನ್ನು ಮುಖ್ಯವಾಗಿಟ್ಟು ಲೆಕ್ಕ ಹಾಕುವ ನೆಟ್ ಟನೇಜ್, ಗ್ರಾಸ್ ಟನೇಜಿನ ಶೇ. 30ಕ್ಕಿಂತ ಕಡಿಮೆ ಇರುವಂತಿಲ್ಲ.

ಸರಕು ಕಳಿಸುವವರು ಕೇಳಬೇಕಾದದ್ದು ಡೆಡ್‌ವೆಯ್ಟ್. ಹಡಗು ಸುರಕ್ಷಿತವಾಗಿ ಹೊರಬಲ್ಲ ಒಟ್ಟು ತೂಕವಿದು. ಇಂಧನ, ಕುಡಿಯುವ ನೀರು, ಬ್ಯಾಲಾಸ್ಟ್ (ಸಮತೋಲನಕ್ಕೆ ತುಂಬುವ ನೀರು), ಸಿಬ್ಬಂದಿ, ಸಾಮಾನು ಎಲ್ಲವೂ ಇದರೊಳಗೇ ಬರುವುದರಿಂದ ಸರಕಿಗೆ ಸಿಗುವ ಪಾಲು ಯಾವಾಗಲೂ ಇದಕ್ಕಿಂತ ಕಡಿಮೆ. ಹಿಂದೆ ಇಲ್ಲಿಂದ ಹೋಗುತ್ತಿದ್ದ ಕಬ್ಬಿಣದ ಅದಿರಿನಂಥ ಭಾರದ ಸರಕಿನಲ್ಲಿ ಹಡಗಿನ ಒಳಜಾಗ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಕಾರುಗಳನ್ನು ಸಾಗಿಸುವ ಹಡಗಿನಲ್ಲಿ ಇದಕ್ಕೆ ವಿರುದ್ಧವಾಗಿ ಜಾಗವೇ ಮೊದಲು ಮುಗಿಯುತ್ತದೆ. ಆದ್ದರಿಂದ ಗ್ರಾಸ್ ಟನೇಜಿನಿಂದ ಹೊರುವ ಶಕ್ತಿಯನ್ನು ಊಹಿಸಬಾರದು.

ಯುದ್ಧನೌಕೆಗಳ ಅಂಕಿ ಬೇರೆಯೇ. ಕದಂಬ ನೌಕಾನೆಲೆಯ ಐಎನ್ಎಸ್ ವಿಕ್ರಮಾದಿತ್ಯ ಸುಮಾರು 44,500 ಟನ್ನಿನದು ಎಂದರೆ ಅದು ಡಿಸ್‌ಪ್ಲೇಸ್‌ಮೆಂಟ್, ಅಂದರೆ ಹಡಗು ಪಕ್ಕಕ್ಕೆ ಸರಿಸುವ ನೀರಿನ ತೂಕ. ಹೊತ್ತದ್ದೆಲ್ಲವೂ ಸೇರಿ ಹಡಗಿನ ಒಟ್ಟು ತೂಕವೂ ಅಷ್ಟೇ. ಇದನ್ನು ಸರಕು ಹಡಗಿನ ಡೆಡ್‌ವೆಯ್ಟ್ ಜೊತೆ ಹೋಲಿಸುವುದು ಸರಿಯಲ್ಲ.

ಆದರೆ ಬಂದರಿನೊಳಗೆ ಹಡಗು ಬರಬಹುದೇ ಎಂಬುದನ್ನು ತೀರ್ಮಾನಿಸುವುದು ಯಾವ ಟನ್ನೂ ಅಲ್ಲ, ಉದ್ದ, ಅಗಲ ಮತ್ತು ಡ್ರಾಫ್ಟ್. ನನ್ನ ದೃಷ್ಟಿಯಲ್ಲಿ ಡ್ರಾಫ್ಟೇ ಎಲ್ಲಕ್ಕಿಂತ ಮುಖ್ಯ. ನೀರಿನ ಮಟ್ಟದಿಂದ ತಳದವರೆಗಿನ ಈ ಆಳವನ್ನು ಮುಂಭಾಗ, ನಡು ಮತ್ತು ಹಿಂಭಾಗದಲ್ಲಿ ಬರೆದ ಅಂಕಿಗಳಿಂದ ಓದಬೇಕು. ಮೀಟರ್ ಗುರುತಿನಲ್ಲಿ ಪ್ರತಿ ಅಂಕಿಯ ಎತ್ತರ 10 ಸೆಂ.ಮೀ.; ಅಂಕಿಯ ಕೆಳಅಂಚು ನೀರಿಗೆ ತಾಗಿದ್ದರೆ ಅದೇ ಡ್ರಾಫ್ಟ್, ಅರ್ಧ ಮುಳುಗಿದ್ದರೆ 5 ಸೆಂ.ಮೀ. ಹೆಚ್ಚು. ಅಲೆಯ ಏರಿಳಿತವಿರುವಾಗ ಹಲವು ಬಾರಿ ನೋಡಿ ಸರಾಸರಿ ತೆಗೆಯಬೇಕು. ನಡುಭಾಗದಲ್ಲಿ ಗೆರೆ ಹಾದ ವೃತ್ತ ಕಾಣುತ್ತದೆ. ಬ್ರಿಟನ್ನಿನಲ್ಲಿ 1876ರ ಕಾಯ್ದೆಯಿಂದ ಕಡ್ಡಾಯವಾದ ಈ ಪ್ಲಿಮ್‌ಸಾಲ್ ಗುರುತಿನ ಪಕ್ಕದ ಗೆರೆಗಳು ಬೇಸಿಗೆ, ಚಳಿಗಾಲ, ಉಷ್ಣವಲಯ ಮತ್ತು ಸಿಹಿನೀರಿಗೆ ಹಡಗು ಮುಳುಗಬಹುದಾದ ಬೇರೆ ಬೇರೆ ಮಿತಿಗಳನ್ನು ತೋರಿಸುತ್ತವೆ. ಸಿಹಿನೀರಿಗೆ ಬೇರೆ ಗೆರೆ ಏಕೆಂದರೆ, ಮಳೆಗಾಲದ ಕಾಳಿ ಅಳಿವೆಯಂಥ ಕಡೆ ನೀರಿನ ಉಪ್ಪಿನಂಶ ಕುಸಿದಾಗ ಸಾಂದ್ರತೆ 1.025ರಿಂದ 1.000ದ ಕಡೆಗೆ ಇಳಿಯುತ್ತದೆ. ಪೂರ್ಣ ಸಿಹಿನೀರಿನಲ್ಲಿ 8 ಮೀಟರ್ ಡ್ರಾಫ್ಟಿನ ಹಡಗು, ಒಂದು ಟನ್ ಸರಕೂ ಹೆಚ್ಚದೆ, ಸುಮಾರು 20 ಸೆಂ.ಮೀ.ವರೆಗೆ ಹೆಚ್ಚು ಮುಳುಗಬಹುದು.

‘ಪನಾಮ್ಯಾಕ್ಸ್’ ಎಂಬ ವರ್ಗದ ಹೆಸರೂ ಇಂಥ ಮಿತಿಯಿಂದಲೇ ಬಂದದ್ದು: ಪನಾಮಾ ಕಾಲುವೆಯ ಹಳೆಯ ಲಾಕ್‌ಗಳಲ್ಲಿ (ಹಡಗನ್ನು ಏರಿಸಿ ಇಳಿಸುವ ನೀರಿನ ಕೋಣೆಗಳಲ್ಲಿ) ಹಾಯಬಲ್ಲ ಹಡಗಿನ ಗರಿಷ್ಠ ಅಗಲ 32.3 ಮೀಟರ್. ಕಂಟೇನರ್ ಹಡಗುಗಳನ್ನು ಮಾತ್ರ 20 ಅಡಿ ಪೆಟ್ಟಿಗೆಗಳ ಲೆಕ್ಕದಲ್ಲಿ, ಅಂದರೆ ಟಿಇಯುಗಳಲ್ಲಿ ಹೇಳುತ್ತಾರೆ.

ನಿರ್ದಿಷ್ಟ ಹಡಗಿನ ವಿವರ ಬೇಕಿದ್ದರೆ ಅದರ ಹಿಂಭಾಗದಲ್ಲಿ ಬರೆದಿರುವ 7 ಅಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ) ಸಂಖ್ಯೆಯನ್ನು ಗುರುತು ಹಾಕಿಕೊಂಡು ‘ಇಕ್ವಾಸಿಸ್’ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿ ಹುಡುಕಿ. ಗ್ರಾಸ್ ಟನೇಜ್, ಡೆಡ್‌ವೆಯ್ಟ್ ಎರಡೂ ಸಿಗುತ್ತವೆ. ಹಡಗುಗಳ ಸ್ಥಾನ ತೋರಿಸುವ ಮೊಬೈಲ್ ನಕ್ಷೆಗಳಲ್ಲಿ ಕಾಣುವ ಡ್ರಾಫ್ಟನ್ನು ಹಡಗಿನ ಸಿಬ್ಬಂದಿ ಕೈಯಾರೆ ನಮೂದಿಸಿರುತ್ತಾರೆ. ಅದು ಹಿಂದಿನ ಬಂದರಿನದೇ ಉಳಿದಿರಬಹುದಾದ್ದರಿಂದ ಹಡಗಿನ ಮೈಮೇಲಿನ ಗುರುತಿನೊಂದಿಗೆ ತಾಳೆ ನೋಡಿಕೊಳ್ಳಿ.