ರಾತ್ರಿ ಗಾಡಿ ನಿಲ್ಸಿದ್ಮೇಲೆ ಹೆಡ್‌ಲೈಟ್ ಏನು ಮಾಡ್ಬೇಕು

ಗಾಡಿ ನಿಂತ ಕೂಡ್ಲೇ ಹೆಡ್‌ಲೈಟಿನ ಕೆಲಸ ಮುಗೀತು. ಅದಿರೂದು ಮುಂದಿನ ರಸ್ತೆ ಕಾಣ್ಲಿ ಅಂತ, ನೀವು ಮುಂದೆ ಹೋಗೂದೇ ಇಲ್ಲ ಅಂದ್ಮೇಲೆ ಆ ಬೆಳಕು ಬೀಳೂದು ಎದುರು ಬರೋರ ಕಣ್ಣಿಗೆ, ಇಲ್ಲಾ ಯಾರದೋ ಮನೆ ಕಿಟಕಿಗೆ. ಕುಮಟಾ ಶಿರಸಿ ರಸ್ತೆಯ ಚಾ ಅಂಗಡಿ ಹತ್ರ, ಹೈವೇ 66ರ ಬದಿಗೆ, ಕಾರವಾರದ ಟಾಗೋರ್ ಬೀಚ್ ಎದುರಿಗೆ, ಎಲ್ಲಿ ನೋಡಿದ್ರೂ ಇದೇ, ಗಾಡಿ ಸೈಡಿಗೆ ಹಾಕಿದ್ದು, ಇಂಜಿನ್ ಚಾಲೂ, ಎಸಿ ಚಾಲೂ, ಹೆಡ್‌ಲೈಟ್ ಉರೀತಾ ಇದೆ, ಒಳಗಿದ್ದವ್ರು ಮೊಬೈಲ್ ನೋಡ್ತಾ ಕೂತಿದ್ದಾರೆ. ಹೆಚ್ಚಿನವ್ರು ಬೇಕೂಂತ ಮಾಡೂದಲ್ಲ, ಲೈಟಿನ ಹಿಂದೆ ಕೂತವ್ರಿಗೆ ಅದರ ತೊಂದ್ರೆ ಗೊತ್ತೇ ಆಗೂದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದ್ದೇನೆ.

ಮೊದಲು ಅಭ್ಯಾಸ. ಸೈಡಿಗೆ ಹಾಕಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಕೈ ಮೊಬೈಲಿಗೆ ಹೋಗೂ ಮೊದ್ಲು ಲೈಟಿನ ಸ್ವಿಚ್ಚಿಗೆ ಹೋಗ್ಬೇಕು. ಹೆಚ್ಚಿನ ಕಾರಲ್ಲಿ ಅದು ಸ್ಟೇರಿಂಗ್ ಪಕ್ಕದ ಲಿವರಿನ ತುದೀಲಿರ್ತದೆ, ಕೆಲವದ್ರಲ್ಲಿ ಡ್ಯಾಶ್‌ಬೋರ್ಡಲ್ಲಿ ಗುಂಡಗಿನ ಸ್ವಿಚ್ಚು. ಒಂದು ಹಂತ ಹಿಂದೆ ತಿರುಗಿಸಿದ್ರೆ ಹೆಡ್‌ಲೈಟ್ ಹೋಗಿ ಸಣ್ಣ ಪಾರ್ಕಿಂಗ್ ಲೈಟ್ ಮಾತ್ರ ಉಳೀತದೆ, ಹಿಂದೆ ಕೆಂಪು ಲೈಟೂ ಉರೀತಾ ಇರ್ತದೆ. ರಸ್ತೆ ಅಂಚಲ್ಲಿ ಕತ್ತಲಲ್ಲಿ ನಿಂತಿದ್ರೆ ಇಷ್ಟು ಬೇಕು, 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೂ ಪಾರ್ಕಿಂಗ್ ಲೈಟ್ ಇಟ್ಟಿದ್ದು ಇದಕ್ಕೇ, ನಿಂತ ಗಾಡಿ ಬೇರೆಯವ್ರಿಗೆ ಕಾಣ್ಲಿ ಅಂತ. ರಸ್ತೆ ಬಿಟ್ಟು ಒಳಗೆ ಅಂಗಳದಲ್ಲೋ ಪಾರ್ಕಿಂಗ್ ಜಾಗದಲ್ಲೋ ನಿಲ್ಸಿದ್ರೆ ಅದೂ ಬೇಡ, ಎಲ್ಲಾ ಆಫ್.

ಇಲ್ಲಿ ಒಬ್ರು ಕೇಳ್ತಾರೆ, ಡಿಪ್ಪಲ್ಲೇ (ತಗ್ಗಿಸಿದ ಬೆಳಕಲ್ಲೇ) ಇಟ್ಟಿದ್ದೇನಲ್ಲ ಮಾರಾಯ್ರೆ, ಅದ್ರಿಂದ ಏನಾಗ್ತದೆ ಅಂತ. ಆಗ್ತದೆ, ಅದ್ರಲ್ಲೂ ಗಾಡಿಯನ್ನ ರಸ್ತೆಯ ಬಲಗಡೆಗೆ ಹಾಕಿ ಎದುರು ಬರೋರಿಗೆ ಮುಖ ಮಾಡಿ ನಿಲ್ಸಿದ್ರೆ. ನಮ್ಮಲ್ಲಿ ಎಡಗಡೆ ಓಡಿಸೂದ್ರಿಂದ ಡಿಪ್ಪಿನ ಬೆಳಕು ಎಡಕ್ಕೆ ಸ್ವಲ್ಪ ಮೇಲೆ ಏರುವ ಹಾಗೆ ಮಾಡಿರ್ತಾರೆ, ರಸ್ತೆ ಅಂಚು, ನಡೆದು ಹೋಗೋರು ಕಾಣ್ಲಿ ಅಂತ, ಬಲಗಡೆ ಎದುರು ಗಾಡಿ ಬರ್ತದೆ ಅಂತ ಆ ಬದಿ ತಗ್ಗಿಸಿರ್ತಾರೆ. ನೀವು ಬಲಗಡೆ ಹೋಗಿ ನಿಂತ್ರೆ ಎದುರು ಬರೋರು ನಿಮ್ಮ ಎಡಗಡೆಯಿಂದ ಪಾಸಾಗ್ತಾರೆ, ಅಂದ್ರೆ ಮೇಲೆ ಏರಿದ ಆ ಬೆಳಕು ಸೀದಾ ಅವ್ರ ಮುಖಕ್ಕೇ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ರಾತ್ರಿ ಎದುರು ಎರಡು ಲೈಟ್ ಕಂಡ್ರೆ ಯಾರೇ ಆದ್ರೂ ಅದು ಓಡ್ತಾ ಬರ್ತಿರೋ ಗಾಡಿ, ತನ್ನ ಬಲಗಡೆಯಿಂದ ಹೋಗ್ತದೆ ಅಂತಲೇ ತಿಳ್ಕೊಳ್ಳೂದು, ಹಾಗಾಗಿ ಆ ಲೈಟಿನ ಎಡಕ್ಕೆ ಗಾಡಿ ತಗೊಳ್ತಾರೆ, ಆದ್ರೆ ಅಲ್ಲಿ ರಸ್ತೆಯೇ ಇಲ್ಲ, ಮಣ್ಣು, ಆಮೇಲೆ ಗಟಾರ. ಮಳೆಗಾಲದಲ್ಲಿ ಒದ್ದೆ ರಸ್ತೆಯ ಹೊಳಪಿಗೆ ಬಿಳಿ ಪಟ್ಟೆಯೂ ಕಾಣೂದಿಲ್ಲ, ಆಗ ಹೊಸಬರು ಹೀಗೆ ಮೋಸ ಹೋಗೂದು ಇನ್ನೂ ಸುಲಭ. ಹಾಗಾಗಿ ಯಾವತ್ತೂ ಓಡ್ತಿದ್ದ ದಿಕ್ಕಿಗೇ, ಎಡಗಡೆಗೇ ನಿಲ್ಸಿ. ಆಗ ಹಿಂದಿನಿಂದ ಬರೋರಿಗೆ ನಿಮ್ಮ ಕೆಂಪು ರಿಫ್ಲೆಕ್ಟರೂ ಹೊಳೆದು ಕಾಣ್ತದೆ.

ಘಟ್ಟದಲ್ಲಿ ಇನ್ನೊಂದು. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಏರು ಮುಖ ಮಾಡಿ ನಿಲ್ಸಿದ್ರೆ, ಅಥವಾ ಹಿಂದೆ ಲೋಡ್ ತುಂಬಿ ಗಾಡಿ ಮೂತಿ ಮೇಲೆದ್ದಿದ್ರೆ, ಡಿಪ್ಪೂ ಹೈಬೀಮಿನ ಹಾಗೇ ಹೊಡೀತದೆ. ಆ ಲೈಟಿನ ಪಕ್ಕ ನಿಮ್ಮ ಗಾಡಿಯವ್ರೇ ಇಳಿದು ನಿಂತಿದ್ರೆ ಅವ್ರು ಎದುರಿನವ್ರಿಗೆ ಕಾಣೂದೇ ಇಲ್ಲ, ಬೆಳಕಿನ ಆಚೆ ಬರೀ ಕಪ್ಪು. ಮಕ್ಕಳನ್ನ ಇಳಿಸಿಕೊಂಡು ನಿಂತವ್ರು ಇದನ್ನ ದಯವಿಟ್ಟು ಗಮನಿಸಿ.

ಕಣ್ಣಿನ ವಿಷಯ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದ್ಕೊಳ್ಳಲಿಕ್ಕೆ 20–30 ನಿಮಿಷ ಬೇಕು, ಜೋರು ಬೆಳಕು ಬಿದ್ರೆ ಅದು ಒಂದು ಗಳಿಗೇಲಿ ಹಾಳು. ವಯಸ್ಸಾದವ್ರಿಗೆ, ಕಣ್ಣಲ್ಲಿ ಪೊರೆ ಬಂದವ್ರಿಗೆ ಇನ್ನೂ ಕಷ್ಟ, ಪೊರೆಯಲ್ಲಿ ಬೆಳಕು ಚದುರಿ ಎದುರು ಎಲ್ಲಾ ಬೆಳ್ಳಗಾಗ್ತದೆ. ಸಂಜೆ ಹಾಲು ಡೇರಿಗೆ ಕೊಟ್ಟು ಬ್ಯಾಟ್ರಿ ಹಿಡ್ಕೊಂಡು ನಡೆದು ಬರೋ ಅಜ್ಜ ನಿಮ್ಮ ಲೈಟ್ ದಾಟಿದ ಮೇಲೂ ಸುಮಾರು ಹೊತ್ತು ಕಾಲ್ಬುಡ ಕಾಣದೇ ನಿಲ್ಬೇಕಾಗ್ತದೆ.

ಬೈಕಿನವ್ರಿಗೆ: 2017ರ ಏಪ್ರಿಲ್ ನಂತ್ರದ ಗಾಡಿಗಳಲ್ಲಿ ಇಂಜಿನ್ ಚಾಲೂ ಇದ್ದಷ್ಟೂ ಹೆಡ್‌ಲೈಟ್ ಉರೀಲೇಬೇಕು ಅಂತ ನಿಯಮ, ಆಫ್ ಮಾಡೋ ಸ್ವಿಚ್ಚೇ ಇಲ್ಲ. ಹಾಗಾಗಿ ನಿಂತು ಮಾತಾಡೂದಾದ್ರೆ ಕೀ ಆಫ್ ಮಾಡೂದೊಂದೇ ದಾರಿ. ಎರಡು ಮಾತಾಡಿ ಹೋಗೂದಷ್ಟೇ ಅಂತಿದ್ರೆ ಡಿಪ್ಪಿಗೆ ಹಾಕಿ ಹ್ಯಾಂಡಲ್ ಗೋಡೆ ಕಡೆಗೋ ಬೇಲಿ ಕಡೆಗೋ ತಿರುಗಿಸಿ, ಎದುರಿಗೆ ನಿಂತವ್ರ ಮುಖಕ್ಕೆ ಬೇಡ.

ಹೊಸ ಕಾರುಗಳ ಆಟೋ ಲೈಟು ಒಳ್ಳೇದೇ, ಆದ್ರೆ ಇಂಜಿನ್ ಚಾಲೂ ಇಟ್ಟು ಎಸಿ ಹಾಕ್ಕೊಂಡು ಕೂತ್ರೆ ಕತ್ತಲೆ ಇದೆ ಅಂತ ಅದು ಉರೀತಾನೇ ಇರ್ತದೆ. ಆಟೋದಿಂದ ತೆಗೆದು ಕೈಯಿಂದಲೇ ಪಾರ್ಕಿಂಗ್ ಲೈಟಿಗೆ ತನ್ನಿ. ಇನ್ನು ಲಾಕ್ ಮಾಡಿ ಹೋದ ಮೇಲೂ ಸ್ವಲ್ಪ ಹೊತ್ತು ಉರಿಯೋ ಸೌಲಭ್ಯ ಇರ್ತದೆ, ನೀವು ಮನೆ ಬಾಗಿಲಿಗೆ ಮುಟ್ಟೂವರೆಗೆ ಬೆಳಕು ಸಿಗ್ಲಿ ಅಂತ. ಎದುರುಮನೆಯವ್ರ ಮಲಗೋ ಕೋಣೆ ಕಿಟಕಿ ಸೀದಾ ಇದ್ರೆ ಅದನ್ನ ಸೆಟಿಂಗಲ್ಲಿ ಬಂದ್ ಮಾಡಿ, ಅಥವಾ ಗಾಡಿ ತಿರುಗಿಸಿ ಹಿಂಬದಿ ಆ ಕಡೆ ಬರೋ ಹಾಗೆ ನಿಲ್ಸಿ.

ಇಂಜಿನ್ ಬಂದ್ ಮಾಡಿ ಲೈಟ್ ಮಾತ್ರ ಬಿಟ್ರೆ ನಿಮ್ಗೇ ನಷ್ಟ. ಮಾಮೂಲಿ ಹ್ಯಾಲೊಜನ್ ಬಲ್ಬು ಡಿಪ್ಪಲ್ಲಿ 55 ವ್ಯಾಟ್, ಎರಡು ಸೇರಿ 110, ಅಂದ್ರೆ 12 ವೋಲ್ಟಿನ ಬ್ಯಾಟರಿಯಿಂದ ಹತ್ರ ಹತ್ರ 9 ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಇದನ್ನ ಲೆಕ್ಕದ ಪ್ರಕಾರ ನಾಲ್ಕು ತಾಸೂ ತಡ್ಯೂದಿಲ್ಲ, ಹಳೇ ಬ್ಯಾಟರಿ ಆದ್ರೆ ಇನ್ನೂ ಬೇಗ ಸೆಲ್ಫ್ ಹೊಡೀದೇ ನಿಲ್ತದೆ.

ಬಯಲಾಟಕ್ಕೆ ಹೋಗೋರು, ಗದ್ದೆಗೆ ಗಾಡಿ ಇಳಿಸುವಾಗ ಡಿಪ್ಪಿಗೆ ಹಾಕಿ ನಿಧಾನ ಬನ್ನಿ, ಜಾಗ ಸಿಕ್ಕಿದ ಕೂಡ್ಲೇ ಆಫ್ ಮಾಡಿ. ತಡವಾಗಿ ಬಂದ ಗಾಡಿಯ ಲೈಟು ರಂಗಸ್ಥಳಕ್ಕೆ ಹೊಡೆದ್ರೆ ಕುಣೀತಿರೋ ವೇಷಧಾರಿಗೂ ಕಣ್ಣು ಕಟ್ತದೆ, ಕೂತವ್ರಿಗೂ ರಸ ಹಾಳು. ಬರುವಾಗಲೇ ಆಟದ ಕಡೆ ಬೆನ್ನು ಮಾಡಿ ನಿಲ್ಸಿದ್ರೆ ಬೆಳಗಿನ ಜಾವ ಹೊರಡುವಾಗಲೂ ಸಲೀಸು.

ಸಮುದ್ರದ ಬದಿಯವ್ರಿಗೆ ಇದು ಬಹಳ ಮುಖ್ಯ. ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡ ಟೊಂಕ, ಹೀಗೆ ನಮ್ಮ ಕರಾವಳಿಯ ಸುಮಾರು ಕಡೆ ಆಲಿವ್ ರಿಡ್ಲೆ ಕಡಲಾಮೆ ರಾತ್ರಿ ಹೊತ್ತು ದಡಕ್ಕೆ ಬಂದು ಹೊಯ್ಗೇಲಿ (ಮರಳಲ್ಲಿ) ಮೊಟ್ಟೆ ಇಡ್ತದೆ. ಎದುರು ಬೆಳಕು ಕಂಡ್ರೆ ತಾಯಿ ಆಮೆ ಮೊಟ್ಟೆ ಇಡದೇ ವಾಪಸ್ ಹೋಗೂದುಂಟು. ಸುಮಾರು 45ರಿಂದ 60 ದಿನಕ್ಕೆ ಮರಿ ಹೊರಗೆ ಬರ್ತದೆ, ಹೆಚ್ಚಾಗಿ ರಾತ್ರಿನೇ, ಬಂದ ಮರಿ ಯಾವ ಕಡೆ ಬೆಳಕು ಹೆಚ್ಚು ಕಾಣ್ತದೋ ಅದೇ ಸಮುದ್ರ ಅಂತ ಆ ಕಡೆ ಹೋಗ್ತದೆ. ಬೀಚಿಗೆ ಮುಖ ಮಾಡಿ ಲೈಟ್ ಬಿಟ್ಟು ನಿಲ್ಸಿದ ಗಾಡಿ ಇದ್ರೆ ಅಂಗೈಗಿಂತ ಸಣ್ಣ ಆ ಮರಿ ನೀರು ಬಿಟ್ಟು ರಸ್ತೆ ಕಡೆ ತೆವಳ್ತದೆ, ನಾಯಿ ಬಾಯಿಗೆ ಸಿಕ್ತದೆ, ಇಲ್ಲಾ ಬಿಸಿಲು ಬಂದ್ಮೇಲೆ ಒಣಗಿ ಸಾಯ್ತದೆ. ಅರಣ್ಯ ಇಲಾಖೆಯವ್ರು ಗೂಡಿಗೆ ಬೇಲಿ ಕಟ್ಟಿ ಕಾಯ್ತಾರೆ, ಆದ್ರೆ ಬೆಳಕಿಗೆ ಬೇಲಿ ಕಟ್ಲಿಕ್ಕೆ ಆಗೂದಿಲ್ಲ. ರಾತ್ರಿ ಬೀಚಿಗೆ ಹೋದ್ರೆ ಗಾಡಿಯ ಹಿಂಬದಿ ಸಮುದ್ರಕ್ಕೆ ಮಾಡಿ, ಎಲ್ಲಾ ಲೈಟ್ ಆಫ್ ಮಾಡಿ, ಹೊಯ್ಗೆ ಮೇಲಂತೂ ಗಾಡಿ ಇಳಿಸ್ಲೇಬೇಡಿ.

ಗಾಡಿ ಹಾಳಾಗಿ ನಿಂತ್ರೆ ಮಾತ್ರ ಕತ್ತಲಲ್ಲಿ ಇರ್ಬೇಡಿ. ಆಗಲೂ ಹೆಡ್‌ಲೈಟ್ ಬೇಡ, ನಾಲ್ಕೂ ಇಂಡಿಕೇಟರ್ ಹಾಕಿ, ಪಾರ್ಕಿಂಗ್ ಲೈಟ್ ಹಾಕಿ, ಕೆಂಪು ತ್ರಿಕೋನ ಇದ್ರೆ ಸಾಕಷ್ಟು ಹಿಂದೆ ಇಡಿ, ತಿರುವಲ್ಲಿ ನಿಂತಿದ್ರೆ ತಿರುವು ಶುರುವಾಗೂ ಮೊದ್ಲೇ ಕಾಣೂ ಹಾಗೆ. ತ್ರಿಕೋನ ಇಲ್ದಿದ್ರೆ ನಮ್ಮ ಲಾರಿಯವ್ರು ಮಾಡೂ ಹಾಗೆ ಸೊಪ್ಪಿನ ಟೊಂಗೆ ಹಾಕಿ. ಕಲ್ಲು ಇಟ್ರೆ ಹೋಗುವಾಗ ತೆಗೀಲೇಬೇಕು, ಬಿಟ್ಟು ಹೋದ ಕಲ್ಲಿಗೆ ಬೈಕಿನವ್ರು ಬೀಳ್ತಾರೆ.

ಇನ್ನು ಬೇರೆಯವ್ರಿಗೆ ಹೇಳೂದು ಹೇಗೆ. ಎದುರಿನಿಂದ ಹೈಬೀಮ್ ಹೊಡ್ದು ಬುದ್ಧಿ ಕಲಿಸ್ಲಿಕ್ಕೆ ಹೋಗ್ಬೇಡಿ, ಆಗ ಇಬ್ರಿಗೂ ಕಾಣೂದಿಲ್ಲ. ಪಕ್ಕದಿಂದ ಹೋಗಿ ಡ್ರೈವರ್ ಬದಿ ಕಿಟಕಿ ಹತ್ರ ಮೆಲ್ಲಗೆ, "ಅಣ್ಣಾ, ಲೈಟ್ ಸ್ವಲ್ಪ ಬಂದ್ ಮಾಡಿ ಅಕಾ, ಆಚೆಯಿಂದ ಬರೋರಿಗೆ ರಸ್ತೆ ಕಾಣೂದಿಲ್ಲ" ಅಂದ್ರೆ ಸಾಕು, ಹೆಚ್ಚಿನವ್ರು ಓ ಹೌದಲ್ದಾ ಅಂತ ತಕ್ಷಣ ಆಫ್ ಮಾಡ್ತಾರೆ. ಹೊರಗಿನ ಪ್ರವಾಸಿಗರಾದ್ರೆ ಆಮೆ ವಿಷಯ ಹೇಳಿ, ಕೇಳ್ತಾರೆ. ಕುಡಿದವ್ರು, ಗಲಾಟೆ ಮಾಡೋರು ಅಂತ ಅನ್ನಿಸಿದ್ರೆ ಹತ್ರ ಹೋಗೂದು ಬೇಡ. ತಿರುವಲ್ಲಿ ಅಡ್ಡ ನಿಲ್ಸಿ ಬೇರೆಯವ್ರಿಗೆ ಅಪಾಯ ಆಗೂ ಹಾಗಿದ್ರೆ 112ಕ್ಕೆ ಫೋನ್ ಮಾಡಿ ಜಾಗ, ಗಾಡಿ ನಂಬರ್ ಹೇಳಿ, ಹಾಗೆ ಅಪಾಯ ಆಗೋ ರೀತಿ ಗಾಡಿ ನಿಲ್ಸೂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ ತಪ್ಪು.