ಪಿಯರ್‌ಟ್ಯೂಬ್‌ನಲ್ಲಿ ನಿಮ್ಮ ವಿಡಿಯೊಗಳಿಗೆ ನೆಲೆ ಮಾಡಿಕೊಳ್ಳುವುದು ಹೇಗೆ

ಮೂರು ಆಯಾಮದ ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನ ಅಧಿಕೃತ ಚಾನೆಲ್ಲಿನ ವಿಡಿಯೊಗಳು 2018ರ ಜೂನ್‌ನಲ್ಲಿ ಯೂಟ್ಯೂಬ್‌ನಲ್ಲಿ ಎಲ್ಲ ದೇಶಗಳಲ್ಲೂ ನೋಡಲು ಸಿಗದಂತಾದವು. ಬ್ಲೆಂಡರ್ ಪ್ರತಿಷ್ಠಾನವು ಆಗಲೇ ಪಿಯರ್‌ಟ್ಯೂಬ್ ಬಳಸಿ ತನ್ನದೇ ವಿಡಿಯೊ ತಾಣವನ್ನು ತೆರೆಯಿತು. ಅಷ್ಟು ಹೆಸರಿದ್ದ ಸಂಸ್ಥೆಗೇ ಆದದ್ದು ಒಬ್ಬರೇ ಕುಳಿತು ವಿಡಿಯೊ ಮಾಡುವವರಿಗೂ ಆಗಬಹುದಾದ್ದರಿಂದ, ಎರಡನೆಯ ನೆಲೆಯೊಂದನ್ನು ತೊಂದರೆ ಬರುವ ಮೊದಲೇ ಸಿದ್ಧಮಾಡಿಕೊಳ್ಳುವುದು ಒಳ್ಳೆಯದು.

ಪಿಯರ್‌ಟ್ಯೂಬ್ ಎಂಬುದು ಒಂದು ಜಾಲತಾಣವಲ್ಲ. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಲಾಭರಹಿತ ಸಂಸ್ಥೆ ರೂಪಿಸುತ್ತಿರುವ ಮುಕ್ತ ತಂತ್ರಾಂಶ. ಇದರ ಮೊದಲ ಪೂರ್ಣ ಆವೃತ್ತಿ 2018ರ ಅಕ್ಟೋಬರ್‌ನಲ್ಲಿ ಹೊರಬಂದಿತು. ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಸ್ಥಾಪಿಸಿ ತಾಣ ನಡೆಸಬಹುದು. ಹೀಗೆ ಬೇರೆಬೇರೆ ಜನರು ನಡೆಸುವ ತಾಣಗಳು ಆಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮಾವಳಿಯ ಮೂಲಕ ಒಂದಕ್ಕೊಂದು ಮಾತನಾಡಿಕೊಳ್ಳುತ್ತವೆ. ಅದೇ ನಿಯಮಾವಳಿಯನ್ನು ಪಾಲಿಸುವ ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲದ ಬಳಕೆದಾರರು ನಿಮ್ಮ ಚಾನೆಲ್ಲನ್ನು ಅಲ್ಲಿಂದಲೇ ಅನುಸರಿಸಬಹುದು, ಮತ್ತು ಅವರು ಬರೆದ ಪ್ರತಿಕ್ರಿಯೆಗಳು ನಿಮ್ಮ ವಿಡಿಯೊದ ಕೆಳಗೆ ಕಾಣಿಸಿಕೊಳ್ಳುತ್ತವೆ.

ಮೊದಲ ಕೆಲಸ ತಾಣದ ಆಯ್ಕೆ, ಮತ್ತು ಹೆಚ್ಚಿನ ಸಮಯವನ್ನು ನೀವು ಇದಕ್ಕೇ ಕೊಡಬೇಕು. ಪ್ರತಿ ತಾಣದ ಪರಿಚಯ ಪುಟದಲ್ಲಿ ಅದನ್ನು ಯಾರು ನಡೆಸುತ್ತಾರೆ, ಖರ್ಚು ಎಲ್ಲಿಂದ ಬರುತ್ತದೆ, ಎಂಥ ವಿಡಿಯೊಗಳಿಗೆ ಅವಕಾಶವಿಲ್ಲ, ಒಬ್ಬರಿಗೆ ಒಟ್ಟು ಎಷ್ಟು ಜಾಗ ಮತ್ತು ದಿನಕ್ಕೆ ಎಷ್ಟು ಅಪ್‌ಲೋಡ್ ಎಂಬ ವಿವರಗಳನ್ನು ಹುಡುಕಿರಿ. ಈ ಪುಟ ಖಾಲಿ ಇರುವ ತಾಣವನ್ನು ಬಿಟ್ಟುಬಿಡುವುದೇ ಲೇಸು. ನಡೆಸುವವರು ಯಾರೆಂಬುದೇ ಗೊತ್ತಿಲ್ಲದ ಸರ್ವರ್ ಒಂದು ದಿನ ಸುಮ್ಮನೆ ನಿಂತುಹೋದರೆ ಕೇಳುವುದಕ್ಕೂ ಯಾರೂ ಸಿಗುವುದಿಲ್ಲ. ತಾಣವು ಇತರ ಯಾವ ತಾಣಗಳನ್ನು ಅನುಸರಿಸುತ್ತಿದೆ, ಅದನ್ನು ಯಾರು ಅನುಸರಿಸುತ್ತಿದ್ದಾರೆ ಎಂಬ ಪಟ್ಟಿಯನ್ನೂ ನೋಡಿರಿ, ಏಕೆಂದರೆ ನಿಮ್ಮ ವಿಡಿಯೊ ಬೇರೆ ತಾಣಗಳ ಪುಟಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಈ ಸಂಪರ್ಕಗಳನ್ನು ಅವಲಂಬಿಸಿದೆ. ನಿಮ್ಮ ವಿಷಯಕ್ಕೆ ಹತ್ತಿರವಾದ ತಾಣಗಳನ್ನು ಪತ್ತೆಹಚ್ಚಲು ಫ್ರಾಮಾಸಾಫ್ಟ್‌ನದೇ ಹುಡುಕುತಾಣವಾದ ಸೆಪಿಯಾ ಸರ್ಚ್ ನೆರವಾಗುತ್ತದೆ.

ಖಾತೆ ತೆರೆದು ವಿಡಿಯೊ ಏರಿಸುವುದು ಕಷ್ಟವಲ್ಲ. ಒಂದೇ ಖಾತೆಯಲ್ಲಿ ಹಲವು ಚಾನೆಲ್ ಇರಬಹುದಾದ್ದರಿಂದ ವಿಷಯಕ್ಕೊಂದು ಚಾನೆಲ್ ಮಾಡಿಕೊಳ್ಳಿ. ನಿಮ್ಮ ಹಳೆಯ ವಿಡಿಯೊಗಳು ಬೇರೆಡೆ ಇದ್ದರೆ ಅವುಗಳ ಕೊಂಡಿ ಕೊಟ್ಟು ಆಮದು ಮಾಡಿಕೊಳ್ಳುವ ಸೌಲಭ್ಯವೂ ಇದೆ, ಆದರೆ ತಾಣದ ನಿರ್ವಾಹಕರು ಅದನ್ನು ತೆರೆದಿಟ್ಟಿರಬೇಕು.

ಸ್ವಂತ ತಾಣವನ್ನೇ ನಡೆಸುವ ಯೋಚನೆಯಿದ್ದರೆ ಮೊದಲು ಲೆಕ್ಕ ಹಾಕಿರಿ. ಸೆಕೆಂಡಿಗೆ 5 ಮೆಗಾಬಿಟ್ ವೇಗದ ಒಂದು ಗಂಟೆಯ ವಿಡಿಯೊ ಸುಮಾರು 2.25 ಗಿಗಾಬೈಟ್ ಜಾಗ ಹಿಡಿಯುತ್ತದೆ, ಮತ್ತು ನಿಧಾನ ಸಂಪರ್ಕದವರಿಗಾಗಿ ತಯಾರಾಗುವ ಕಡಿಮೆ ಗುಣಮಟ್ಟದ ಪ್ರತಿಗಳು ಅದರ ಮೇಲೆ ಸೇರುತ್ತವೆ. ಅದೇ ಗುಣಮಟ್ಟದ 10 ನಿಮಿಷದ ವಿಡಿಯೊವನ್ನು 1,000 ಜನ ಪೂರ್ತಿ ನೋಡಿದರೆ ಸುಮಾರು 375 ಗಿಗಾಬೈಟ್ ದತ್ತಾಂಶ ಹೊರಹೋಗಬೇಕಾಗುತ್ತದೆ. ಒಂದೇ ಹೊತ್ತಿಗೆ ಒಂದೇ ವಿಡಿಯೊ ನೋಡುತ್ತಿರುವವರ ಬ್ರೌಸರ್‌ಗಳು ತುಣುಕುಗಳನ್ನು ಪರಸ್ಪರ ಹಂಚಿಕೊಂಡು ಸರ್ವರ್‌ನ ಹೊರೆ ತಗ್ಗಿಸುತ್ತವೆ ಎಂಬುದು ಪಿಯರ್‌ಟ್ಯೂಬ್‌ನ ಹೆಗ್ಗಳಿಕೆ ನಿಜ. ಆದರೆ ನೋಡುಗರು ದಿನವಿಡೀ ಒಬ್ಬೊಬ್ಬರಾಗಿ ಬಂದುಹೋಗುವ ಸಣ್ಣ ಚಾನೆಲ್‌ಗೆ ಇದರಿಂದ ಸಿಗುವ ಉಳಿತಾಯ ಕಡಿಮೆ, ನೇರಪ್ರಸಾರಕ್ಕೆ ಹೆಚ್ಚು. ಈ ಹಂಚಿಕೆಯಲ್ಲಿ ಒಬ್ಬ ನೋಡುಗರ ಐಪಿ ವಿಳಾಸ, ಅಂದರೆ ಅಂತರಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಇನ್ನೊಬ್ಬರಿಗೆ ತಿಳಿಯಬಹುದು. ಸೂಕ್ಷ್ಮ ವಿಷಯಗಳ ಬಗ್ಗೆ ವಿಡಿಯೊ ಮಾಡುವವರು ಈ ಸಂಗತಿಯನ್ನೂ, ಸೆಟ್ಟಿಂಗ್ಸ್‌ನಲ್ಲಿ ಹಂಚಿಕೆಯನ್ನು ನಿಲ್ಲಿಸಬಹುದು ಎಂಬುದನ್ನೂ ವಿವರಣೆಯಲ್ಲಿ ತಪ್ಪದೆ ಬರೆಯಬೇಕು. ನಂಬಿ ಬಂದವರಿಗೆ ನಾವು ಸಲ್ಲಿಸಲೇಬೇಕಾದ ಕರ್ತವ್ಯ ಅದು.

ವಿಡಿಯೊಗಳನ್ನು ವಿವಿಧ ಗುಣಮಟ್ಟಕ್ಕೆ ಪರಿವರ್ತಿಸುವ ಕೆಲಸ ಸರ್ವರ್‌ನ ಪ್ರೊಸೆಸರನ್ನು ಬಹಳ ದಣಿಸುತ್ತದೆ, 2023ರ 5.2 ಆವೃತ್ತಿಯಿಂದ ಅದನ್ನು ಇನ್ನೊಂದು ಕಂಪ್ಯೂಟರಿಗೆ ವಹಿಸಲು ಸಾಧ್ಯವಾಗಿದೆ. ತಾಣದ ಡೊಮೇನ್ ಹೆಸರನ್ನು ಮಾತ್ರ ಮೊದಲೇ ಗಟ್ಟಿಮಾಡಿಕೊಳ್ಳಿ, ಏಕೆಂದರೆ ಬೇರೆ ತಾಣಗಳೊಂದಿಗೆ ಸಂಪರ್ಕ ಏರ್ಪಟ್ಟ ಮೇಲೆ ಹೆಸರು ಬದಲಿಸಿದರೆ ಹಿಂದಿನ ಕೊಂಡಿಗಳೂ ಅನುಸರಿಸುವವರೂ ಕೈತಪ್ಪುತ್ತಾರೆ.

ಹಣದ ವಿಷಯವನ್ನು ನೇರವಾಗಿ ಹೇಳಬೇಕು: ಪಿಯರ್‌ಟ್ಯೂಬ್ ನಿಮಗೆ ಜಾಹೀರಾತಿನ ಪಾಲು ಕೊಡುವುದಿಲ್ಲ. ಪ್ರತಿ ವಿಡಿಯೊದ ಕೆಳಗಿರುವ ಬೆಂಬಲದ ಗುಂಡಿಯಲ್ಲಿ ನಿಮಗೆ ನೆರವು ಕಳುಹಿಸುವ ದಾರಿಯನ್ನು ಬರೆಯಬಹುದು, ಅಷ್ಟೆ. ಕ್ರಿಪ್ಟೊ ನಾಣ್ಯಗಳಲ್ಲಿ ಗಳಿಕೆ ತೋರಿಸುವ ವಿಕೇಂದ್ರೀಕೃತ ವೇದಿಕೆಗಳೂ ಇವೆ. ಆದರೆ ಅವುಗಳಲ್ಲೊಂದಾದ ಒಡಿಸಿಯನ್ನು ಹುಟ್ಟುಹಾಕಿದ ಎಲ್‌ಬಿಆರ್‌ವೈ ಕಂಪನಿಯ ಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಕರು 2021ರಲ್ಲಿ ಮೊಕದ್ದಮೆ ಹೂಡಿದರು, 2022ರಲ್ಲಿ ತೀರ್ಪು ಕಂಪನಿಯ ವಿರುದ್ಧ ಬಂದಿತು, ಮರುವರ್ಷ ಅದು ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. ಒಡಿಸಿ ಆಮೇಲೂ ಉಳಿಯಿತಾದರೂ, ನಾಣ್ಯದ ಬೆಲೆಯನ್ನು ನಂಬಿ ಜೀವನೋಪಾಯ ಕಟ್ಟಿಕೊಳ್ಳಬೇಡಿ ಎಂದೇ ನನ್ನ ಸಲಹೆ.

ಹಳೆಯ ವೇದಿಕೆಯನ್ನು ಒಮ್ಮೆಗೇ ತೊರೆಯಬೇಕಾಗಿಲ್ಲ. ಹೊಸ ವಿಡಿಯೊವನ್ನು ಮೊದಲು ನಿಮ್ಮ ತಾಣದಲ್ಲಿ ಪ್ರಕಟಿಸಿ, ಕೆಲವು ದಿನಗಳ ನಂತರ ಹಳೆಯ ವೇದಿಕೆಗೆ ಏರಿಸಿ, ವಿವರಣೆಯಲ್ಲಿ ಹೊಸ ವಿಳಾಸವನ್ನು ಕೊಡಿ. 2024ರ 6.1 ಆವೃತ್ತಿಯಿಂದ ಖಾತೆಯ ದತ್ತಾಂಶವನ್ನು ಒಟ್ಟಾಗಿ ಡೌನ್‌ಲೋಡ್ ಮಾಡಿ ಇನ್ನೊಂದು ಪಿಯರ್‌ಟ್ಯೂಬ್ ತಾಣಕ್ಕೆ ಒಯ್ಯಬಹುದಾದರೂ, ಅನುಸರಿಸುವವರು ತಾವಾಗಿ ನಿಮ್ಮ ಜೊತೆ ಬರುವುದಿಲ್ಲ. ಅವರಿಗೆ ಸುದ್ದಿ ಮುಟ್ಟಿಸಲು ಇಮೇಲ್ ಪಟ್ಟಿಯೊಂದನ್ನು ಬೇರೆಯಾಗಿಯೇ ಬೆಳೆಸಿರಿ. ಮೂಲ ವಿಡಿಯೊಗಳು, ಉಪಶೀರ್ಷಿಕೆಗಳು ಮತ್ತು ವಿವರಣೆಗಳ ಪೂರ್ಣ ಪ್ರತಿಗಳನ್ನು ಯಾವ ತಾಣಕ್ಕೂ ಒಪ್ಪಿಸದೆ ನಿಮ್ಮದೇ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟುಕೊಳ್ಳಿ, ಒಂದನ್ನು ಬೇರೆ ಸ್ಥಳದಲ್ಲಿ.